ಸದ್ದಿಲ್ಲದ ಕಾರು

ಆ ಬಡಾವಣೆಯಲ್ಲಿ ಹಳೇ ಕಾರು ಕೊಳ್ಳಬೇಕೆನ್ನುವವರು ಮೊದಲು ಹುಡುಕಿಕೊಂಡು ಹೋಗುತ್ತಿದ್ದುದು ಕಿವಿ ಮೇಸ್ತ್ರಿಯನ್ನು. ನಲವತ್ತು ವರ್ಷ ಗ್ಯಾರೇಜಿನಲ್ಲಿ ಮೈಕೈ ಮಸಿ ಮಾಡಿಕೊಂಡು, ಈಗ ಮೂರು ವರ್ಷದಿಂದ ಮನೆಯಲ್ಲಿದ್ದರು. ಬಾನೆಟ್ ಎತ್ತಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಅವರು ಕಣ್ಣು ಮುಚ್ಚಿದರೆಂದರೆ ಸುತ್ತ ನಿಂತವರೂ ಉಸಿರು ಬಿಗಿಹಿಡಿಯುತ್ತಿದ್ದರು. ತಗೋ ಅಂದರೆ ತಗೋ, ಬೇಡ ಅಂದರೆ ಬೇಡ. ಅದರ ಮೇಲೆ ಅಪೀಲಿಲ್ಲ.

ಆ ಕಿವಿ ಕೈಕೊಟ್ಟು ಎರಡು ವರ್ಷವಾಗಿತ್ತೆಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮೊದಲು ಹೋದದ್ದು ಸಣ್ಣ ಸದ್ದುಗಳು: ಗೋಡೆ ಗಡಿಯಾರ, ತೊಟ್ಟಿಕ್ಕುವ ನಲ್ಲಿ. ಆಮೇಲೆ ಜನರ ಮಾತಿನ ಕೊನೆಕೊನೆಯ ಪದಗಳು. ಅವರದು ಜಾಣಗಿವುಡು ಎಂದು ಹೆಂಡತಿ ಮದುವೆಯಾದ ವರ್ಷದಿಂದಲೂ ಬೈದುಕೊಂಡು ಬಂದಿದ್ದರು. ನಿಜವಾದ ಕಿವುಡು ಬಂದಾಗ ಆ ಹಳೇ ಬೈಗುಳದ ಮರೆಯಲ್ಲೇ ಅಡಗಿ ಕೂತಿತು. ಅದು ಹೊರಗೆ ಬರಲು ಮೇಸ್ತ್ರಿಯೂ ಬಿಡಲಿಲ್ಲ. ಕಿವಿಯೇ ಇಲ್ಲವೆಂದ ಮೇಲೆ ಕಿವಿ ಮೇಸ್ತ್ರಿ ಯಾರು?

ಹೀಗಿರುವಾಗ ಮಗಳು ಒಂದು ಹೈಬ್ರಿಡ್ ಕಾರಿನ, ಅಂದರೆ ಪೆಟ್ರೋಲ್ ಎಂಜಿನ್ನೂ ಬ್ಯಾಟರಿಯೂ ಎರಡೂ ಇರುವ ಗಾಡಿಯ, ಸುದ್ದಿ ತಂದಳು. ಮೂವತ್ತಾರು ತುಂಬಿದ್ದರೂ ಅಪ್ಪನಿಗೆ ಅವಳು ಪುಟ್ಟಿಯೇ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಆರಕ್ಕೆ ಹೊರಟು, ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ, ರಕ್ತ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು ತರಬೇಕು. ಸ್ಕೂಟರಿನಲ್ಲಿ ಎರಡು ಸಲ ಬಿದ್ದಿದ್ದಳು. ಎರಡನೇ ಸಲ ಪೆಟ್ಟಿಗೆಯೊಳಗಿನ ಸೀಸೆಗಳೆಲ್ಲ ಒಡೆದು, ತೊಂಬತ್ತರ ಅಜ್ಜಿಯೊಬ್ಬರ ಸಿಗದ ನರವನ್ನು ಮತ್ತೆ ಚುಚ್ಚಿ ಹುಡುಕಬೇಕಾಗಿ ಬಂದಿತ್ತು. ಅವತ್ತೇ ಅವಳು ಕಾರಿನ ತೀರ್ಮಾನ ಮಾಡಿದ್ದು.

ಹನ್ನೆರಡು ವರ್ಷದ ಗಾಡಿ, ಒಬ್ಬರೇ ಓಡಿಸಿದ್ದು, ನಿಂತು ನಿಂತು ಹೋಗುವ ರಸ್ತೆಯಲ್ಲಿ ಬ್ಯಾಟರಿಯ ಮೇಲೇ ಓಡುತ್ತದೆ, ಪೆಟ್ರೋಲು ಉಳಿಯುತ್ತದೆ ಎಂದು ವಿವರಿಸಿದಳು. ಅದು ಎರಡು ದೋಣಿಯಲ್ಲಿ ಕಾಲಿಟ್ಟ ಗಾಡಿ ಎಂದು ಮೇಸ್ತ್ರಿ ನಗೆಯಾಡಿದರು. ಅವಳು ನಗಲಿಲ್ಲ. ಇಷ್ಟು ಹಳೇ ಬ್ಯಾಟರಿ ಯಾವಾಗ ಬೇಕಾದರೂ ಮಲಗಬಹುದು ಎಂದು ಎಲ್ಲರೂ ಹೆದರಿಸಿದ್ದರಂತೆ.

"ನೀನೊಂದು ಸಲ ಕೇಳಿ ಹೇಳಪ್ಪ. ನೀನು ಹೂಂ ಅಂದ್ರೆ ತಗೋತೀನಿ," ಎಂದಳು.

ಮಾರುತ್ತಿದ್ದವರು ನಿವೃತ್ತ ಟೀಚರು, ಒಂಟಿ ಹೆಂಗಸು. ಕಾರು ಶೆಡ್ಡಿನಲ್ಲಿ ನಿಂತಿತ್ತು, ಎಡಮಗ್ಗುಲಿಗೆ ಉದ್ದಕ್ಕೆ ಗೀರು. ಪುಟ್ಟಿ ಗುಂಡಿ ಒತ್ತಿದಳು. ಮುಂದೆ ಹಸಿರು ದೀಪ ಹೊತ್ತಿತು, ಅಷ್ಟೆ. ಬಾನೆಟ್ ಎತ್ತಿ, ಬಗ್ಗಿ, ಎಂಜಿನ್ನಿಗೆ ಸ್ಕ್ರೂಡ್ರೈವರ್ ಆನಿಸಿದ ಮೇಸ್ತ್ರಿಗೆ ಏನೂ ಕೇಳಲಿಲ್ಲ. ಎಂಜಿನ್ ಇನ್ನೂ ಶುರುವಾಗಿಲ್ಲವೋ, ಶುರುವಾದದ್ದು ತನಗೆ ಕೇಳುತ್ತಿಲ್ಲವೋ ಎಂದು ಅವರಿಗೆ ಗೊತ್ತಾಗಲಿಲ್ಲ. ಯಾರನ್ನು ಕೇಳುವುದು? ಕಣ್ಣು ಮುಚ್ಚಿಕೊಂಡೇ ನಿಂತರು. ಮಗಳು ಎಂದಿನಂತೆ ಉಸಿರು ಬಿಗಿಹಿಡಿದು ಅವರ ಮುಖವನ್ನೇ ನೋಡುತ್ತಿದ್ದಳು.

ಆಮೇಲೆ ಪುಟ್ಟಿ ಸ್ಟೀರಿಂಗ್ ಹಿಡಿದಳು, ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದರು. ಮೇಸ್ತ್ರಿ ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಊರಿ ಕೂತಿದ್ದರು. ತಿರುವಿನ ಏರಿನಲ್ಲಿ ಸಣ್ಣಗೆ ನಡುಕ ಬಂದಾಗ, ಓಹೋ, ಈಗ ಎಂಜಿನ್ ಎದ್ದಿತು ಎಂದುಕೊಂಡರು. ಅದು ಆರೋಗ್ಯದ ನಡುಕವೋ ರೋಗದ ನಡುಕವೋ ಹೇಳುವ ಶಕ್ತಿ ಅಂಗೈಗಿರಲಿಲ್ಲ.

ಗೀರು ಏನು ಎಂದು ಪುಟ್ಟಿ ಕೇಳಿದಾಗ ಟೀಚರು ಸುತ್ತಿಬಳಸಿ ಹೇಳಲಿಲ್ಲ. ಮೇಸ್ತ್ರಿಯ ಎದುರಿಗೇ ನಿಂತು, ಪಾಠ ಹೇಳುವವರ ದೊಡ್ಡ ದನಿಯಲ್ಲಿ ಹೇಳಿದ್ದರಿಂದ ಅವರಿಗೂ ಒಂದೊಂದು ಮಾತೂ ಕೇಳಿಸಿತು.

"ನಮ್ಮ ಗೇಟಿಗೇ ತಾಗಿಸಿದೆ. ಕಣ್ಣು ಮಂಜಾಗಿದೆ, ಇನ್ನು ಸರಿಹೋಗಲ್ಲ ಅಂದ್ರು ಡಾಕ್ಟ್ರು. ಗೇಟಿನ ಜಾಗದಲ್ಲಿ ಮಗು ನಿಂತಿದ್ರೆ ಏನ್ಮಾಡ್ತಿದ್ದೆ? ಅವತ್ತೇ ಕೀಲಿ ಒಳಗಿಟ್ಟೆ."

ಮೇಸ್ತ್ರಿ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ನೋಡಿಕೊಂಡರು. ಹೋದ ವರ್ಷ ಅವರ ಬಾಲ್ಯದ ಗೆಳೆಯ, ಟೈಲರು, ಅವರನ್ನೇ ನಂಬಿ ಒಂದು ಹಳೇ ಕಾರು ಕೊಂಡಿದ್ದ. ಸ್ಕ್ರೂಡ್ರೈವರಿನಲ್ಲಿ ಮಂಕಾಗಿ ಏನೋ ಕೇಳಿತ್ತು, ಉಳಿದದ್ದನ್ನು ಮೇಸ್ತ್ರಿ ಊಹೆಯಿಂದ ತುಂಬಿ, ತಗೋ ಎಂದಿದ್ದರು. ಎಂಜಿನ್ನಿನ ಹೊಟ್ಟೆಯಲ್ಲಿ ಕಟಕಟ ಎನ್ನುತ್ತಿದ್ದ ಸದ್ದು ಅವರ ಕಿವಿಗೆ ಬಿದ್ದಿರಲಿಲ್ಲ. ಐದು ವಾರದ ಮೇಲೆ, ಕೊನೆಯ ಗಳಿಗೆ ಎಣಿಸುತ್ತಿದ್ದ ಅಕ್ಕನನ್ನು ನೋಡಲು ಹೊರಟ ಟೈಲರಿನ ಕಾರು ನಡುದಾರಿಯಲ್ಲಿ ಎಂಜಿನ್ ಬಿಗಿದು ನಿಂತುಬಿಟ್ಟಿತು. ತಾಯಿಯಂತೆ ಸಾಕಿದ ಅಕ್ಕ. ಅವನು ತಲುಪುವ ಹೊತ್ತಿಗೆ ಮುಖಕ್ಕೆ ಬಟ್ಟೆ ಎಳೆದಾಗಿತ್ತು. ಆದರೂ ಟೈಲರು ಮೇಸ್ತ್ರಿಯನ್ನು ದೂರಲಿಲ್ಲ. ಹಳೇ ಗಾಡಿ ಅಂದಮೇಲೆ ಅದೆಲ್ಲ ಇದ್ದದ್ದೇ ಎಂದು ಇವರನ್ನೇ ಸಮಾಧಾನ ಮಾಡಿದ್ದ. ಆ ಸಮಾಧಾನವನ್ನು ಮೇಸ್ತ್ರಿ ತಲೆತಗ್ಗಿಸಿ ಜೇಬಿಗೆ ಹಾಕಿಕೊಂಡು ಬಂದಿದ್ದರು.

ಟೀಚರು ಕಾಗದಪತ್ರ ತರಲು ಒಳಗೆ ಹೋದರು. ಪುಟ್ಟಿ ಏನೋ ಕೇಳಿದಳು. ತುಟಿ ನೋಡಿದರೆ, ಹೂಂ ಅನ್ನಲಾ, ಎಂದಂತಿತ್ತು.

"ನಂಗೆ ಕೇಳಿಸಲ್ಲ ಪುಟ್ಟಿ," ಎಂದರು ಮೇಸ್ತ್ರಿ.

ಅವಳು ಮತ್ತೆ ಗಟ್ಟಿಯಾಗಿ ಕೇಳಿದಳು.

"ಅದಲ್ಲ. ಎರಡು ವರ್ಷ ಆಯ್ತು. ಎಂಜಿನ್ನೂ ಕೇಳಿಸಲ್ಲ. ಟೈಲರ್ ಕಾರೂ ಕೇಳಿಸಿರ್ಲಿಲ್ಲ."

ಮಗಳ ಮುಖದಲ್ಲಿ ಮೊದಲು ಸಿಟ್ಟು ಬಂತು. ಅವಳೂ ಟೈಲರ್ ಮಾಮನ ಅಕ್ಕನ ಸಾವಿಗೆ ಹೋಗಿದ್ದವಳೇ. ಶೆಡ್ಡಿನ ಕಂಬ ಹಿಡಿದು ಅತ್ತ ತಿರುಗಿ ನಿಂತಳು. ಆಮೇಲೆ ತಿರುಗಿ ಬಂದು ಅವರ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು. ಮನೆಗೆ ಹೋಗೋಣ ಎಂದಾಳೆಂದು ಮೇಸ್ತ್ರಿ ಕಾದರು.

"ಕಣ್ಣು ಕಾಣ್ಸುತ್ತಲ್ಲ? ಕಣ್ಣಲ್ಲಿ ನೋಡು," ಎಂದಳು.

ಮೇಸ್ತ್ರಿ ನೋಡಿದರು. ಕಾರಿನ ಅಡಿಯಲ್ಲಿ ಮಲಗಿ ತುಕ್ಕು ನೋಡಿದರು, ಟೈರು ಎಲ್ಲೆಲ್ಲಿ ಸವೆದಿದೆ ನೋಡಿದರು. ಹಿಂದಿನ ಸೀಟಿನ ಮಗ್ಗುಲಲ್ಲಿ ಜಾಲರಿಯಂಥದ್ದು ಕಂಡಿತು. ಇದು ಯಾತಕ್ಕೆ ಎಂದರು. ಪುಟ್ಟಿ ಫೋನಿನಲ್ಲಿ ಹುಡುಕಿ, ಬ್ಯಾಟರಿಗೆ ತಣ್ಣನೆ ಗಾಳಿ ಎಳೆಯುವ ದಾರಿ ಎಂದಳು. ಮೇಸ್ತ್ರಿ ಜಾಲರಿ ಬಿಚ್ಚಿ ಬೆರಳು ತೂರಿಸಿದರು. ಕಂಬಳಿಯ ತುಂಡಿನಂತೆ ಒತ್ತಾಗಿ ಹೆಣೆದುಕೊಂಡ ಕಂದು ಕೂದಲು ಹೊರಗೆ ಬಂತು.

ಕಾಗದ ಹಿಡಿದು ಬಂದ ಟೀಚರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಅವರ ನಾಯಿಯದಂತೆ. ಹತ್ತು ವರ್ಷ ಆ ಸೀಟಿನಲ್ಲೇ ಕೂತು ತಿರುಗಿತ್ತು, ಸತ್ತು ವರ್ಷವಾಯಿತು. ಬಿಸಾಡಲೇ ಎಂದು ಮೇಸ್ತ್ರಿ ಕೇಳಿದಾಗ ಟೀಚರು ಆ ಉಂಡೆಯನ್ನು ಮುಷ್ಟಿಯಲ್ಲಿಟ್ಟುಕೊಂಡರು.

ಗಾಳಿಯಿಲ್ಲದೆ ವರ್ಷಗಟ್ಟಲೆ ಬೆಂದ ಬ್ಯಾಟರಿ ಬಸವಳಿದಿರಲೇಬೇಕೆಂದು ಮೇಸ್ತ್ರಿ ಹೇಳಿದರು. ಮೂವರೂ ಅದೇ ಕಾರಿನಲ್ಲಿ ಇಂಥ ಗಾಡಿಗಳನ್ನೇ ರಿಪೇರಿ ಮಾಡುವ ವರ್ಕ್‌ಶಾಪಿಗೆ ಹೋದರು. ಅಲ್ಲಿನ ಹೆಂಗಸು ಸ್ಟೀರಿಂಗಿನ ಕೆಳಗೆ ಒಂದು ವೈರು ಚುಚ್ಚಿ ಪರದೆ ನೋಡಿದಳು. ಎಂಜಿನ್ ಚೆನ್ನಾಗಿದೆ, ಬ್ಯಾಟರಿಯ ಹದಿನಾಲ್ಕು ಭಾಗಗಳಲ್ಲಿ ಎರಡು ಸೋತಿವೆ ಎಂದಳು. ಎಷ್ಟು ದಿನ ಬಂದೀತು ಎಂದರೆ, ಒಂದು ವರ್ಷವೂ ಬರಬಹುದು, ಮೂರೂ ಬರಬಹುದು, ಖಚಿತವಾಗಿ ಹೇಳಿದರೆ ಸುಳ್ಳು ಹೇಳಿದಂತೆ ಎಂದಳು. ಬ್ಯಾಟರಿಯ ಖರ್ಚು ಬೆಲೆಯಲ್ಲಿ ಮುರಿದುಕೊಳ್ಳಲು ಟೀಚರು ತಾವಾಗಿಯೇ ಒಪ್ಪಿದರು.

ಪುಟ್ಟಿ ಅಪ್ಪನ ಕಡೆ ತಿರುಗಿದಳು.

"ನಂಗೆ ಗೊತ್ತಿಲ್ಲಮ್ಮ. ಕೈಗೆ ಸಿಕ್ಕಿದ್ದು ಹೇಳಿದೀನಿ. ಮುಂದಿನದು ನೀನೇ ಹೇಳ್ಬೇಕು," ಎಂದರು ಮೇಸ್ತ್ರಿ. ನಲವತ್ತು ವರ್ಷದಲ್ಲಿ ಒಂದು ಗಾಡಿಯ ಮುಂದೆ ನಿಂತು ಅವರು ಆಡದ ಮಾತು.

ಅವಳು ಒಂದು ವಾರ ಯೋಚಿಸಿ ಕೊಂಡಳು.

ಆ ವಾರದಲ್ಲೇ ಒಂದು ಮಧ್ಯಾಹ್ನ ಮೇಸ್ತ್ರಿ ಟೈಲರ್ ಅಂಗಡಿಗೆ ಹೋದರು. ಮೂರು ಸಲ ಬಾಗಿಲ ತನಕ ಹೋಗಿ ತಿರುಗಿ, ನಾಲ್ಕನೇ ಸಲ ಒಳಗೆ ಕಾಲಿಟ್ಟರು. ಟೈಲರು ಕೋಟಿನ ಬಟ್ಟೆಗೆ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದರು. ಟೈಲರು ಗೆರೆ ಮುಗಿಸಿದ, ಕತ್ತರಿ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ. ಎದ್ದು ಬಂದು, ಕೇಳಲಿ ಎಂದೇ ಏನೋ, ಹತ್ತಿರ ನಿಂತು ನಿಧಾನವಾಗಿ ಹೇಳಿದ:

"ಆವತ್ತೇ ಹೇಳಿದ್ರೆ ನಾನು ಬಸ್ಸಲ್ಲಿ ಹೋಗ್ತಿದ್ದೆ ಕಣೋ."

ಆಮೇಲೆ ಎಂಟು ತಿಂಗಳು ಟೈಲರು ಮೇಸ್ತ್ರಿಯ ಮನೆ ಕಡೆ ಬರಲಿಲ್ಲ. ಒಂದು ಭಾನುವಾರ ಬಂದ. ಟಿವಿಯ ಸದ್ದು ತಗ್ಗಿಸುವಂತೆ ಮೇಸ್ತ್ರಿಯ ಹೆಂಡತಿಗೆ ಹೇಳಿ ಕುರ್ಚಿ ಎಳೆದುಕೊಂಡು ಕೂತ.

ಪುಟ್ಟಿಯ ಬ್ಯಾಟರಿ ಹತ್ತೊಂಬತ್ತು ತಿಂಗಳು ಬಂತು. ಸೋತ ಭಾಗಗಳನ್ನು ಬದಲಿಸಿದ ಮೇಲೆ ಗಾಡಿ ಇನ್ನೂ ಓಡುತ್ತಿದೆ. ರಕ್ತ ತೆಗೆಸಿಕೊಳ್ಳುವ ಮನೆಗಳಲ್ಲಿ, ನೀವು ಬಂದದ್ದೇ ಗೊತ್ತಾಗಲಿಲ್ಲ ಎಂದು ಮಲಗಿದ್ದವರು ಹೇಳುತ್ತಾರಂತೆ. ಮೇಸ್ತ್ರಿಗೆ ಕಿವಿಯ ಮಷಿನ್ ಬಂದಿದೆ. ಹಳೇ ಕಾರು ತೋರಿಸಲು ಈಗಲೂ ಒಬ್ಬಿಬ್ಬರು ಹುಡುಕಿಕೊಂಡು ಬರುತ್ತಾರೆ. ಬಂದವರಿಗೆಲ್ಲ ಅವರು ವರ್ಕ್‌ಶಾಪಿನ ದಾರಿ ತೋರಿಸಿ, ಬೇಕಾದರೆ ಜೊತೆಗೆ ತಾವೂ ಹೋಗುತ್ತಾರೆ.