ಕೆಂಚಣ್ಣನ ಬಾತುಕೋಳಿ ಬೂಟು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಕೆಂಚಣ್ಣನಿಗೆ ಎರಡೇ ಹೆಮ್ಮೆ: ಒಂದು ಬಜಾರಿನ ಫುಟ್‌ಬಾಲ್ ತಂಡ, ಇನ್ನೊಂದು ಅಜ್ಜನ ಕಾಲದ, ಪಾದದ ಆಕಾರದ ಮರದ ಅಚ್ಚುಗಳು. ಆ ಅಚ್ಚುಗಳ ಮೇಲೆಯೇ ಅಜ್ಜ ದಂಡಿನ ಬಿಳಿ ಸಿಪಾಯಿಗಳಿಗೆ ಬೂಟು ಹೊಲಿದಿದ್ದನಂತೆ. ಈ ಕಥೆ ಕೇಳಿ ಕೇಳಿ ಬಜಾರಿನವರ ಕಿವಿ ತೂತು ಬಿದ್ದಿದ್ದವು.

ಎಪ್ಪತ್ತೆರಡನೇ ಇಸವಿಯ ಲೀಗಿಗೆ ಹೊಸ ಕಾನೂನು ಬಂತು: ಬರಿಗಾಲಲ್ಲಿ ಆಡುವಂತಿಲ್ಲ. ಬರಿಗಾಲಲ್ಲೇ ಬೆಳೆದ ಆಟಗಾರರು ಕಂಗಾಲಾದರು. "ನಾನದೀನಲ್ಲ!" ಎಂದು ಕೆಂಚಣ್ಣ ಎದೆ ತಟ್ಟಿಕೊಂಡು ಅಜ್ಜನ ಅಚ್ಚುಗಳ ಮೇಲೆ ಹನ್ನೊಂದು ಜೋಡಿ ಹೊಲಿದ. ಎಂಥ ಬೂಟು! ಕಣ್ಣಿಗೆ ಹಬ್ಬ. ಆದರೆ ತಂಡ ಮೊದಲ ಮೂರು ಪಂದ್ಯಗಳನ್ನೂ ಸೋತಿತು. ಇನ್ನೊಂದು ಸೋತರೆ ಲೀಗಿನಿಂದಲೇ ಹೊರಗೆ.

ಕ್ಯಾಪ್ಟನ್ ಗಾದಿಲಿಂಗಪ್ಪ ಕುಂಟುತ್ತಾ ಬಂದು ಬೂಟನ್ನು ಅಂಗಡಿಯ ಮುಂದೆ ಎಸೆದ. "ನಿನ್ ಬೂಟಿನಿಂದ ನಾವು ಮುಳುಗಿದ್ವಿ ಕೆಂಚಣ್ಣ. ಬ್ಯಾರೆ ಕಡಿಂದ ತರ್ತೀವಿ."

ಕೆಂಚಣ್ಣನ ಮುಖ ಕಪ್ಪಿಟ್ಟಿತು. ಹೆಸರು ಹೋದ ಮೇಲೆ ಕಸುಬುದಾರನಿಗೆ ಉಳಿಯುವುದೇನು? ಅಷ್ಟರಲ್ಲಿ ಅವನ ಹೆಂಡತಿ ಸುಂಕಮ್ಮ ಗಾದಿಲಿಂಗಪ್ಪನ ಬೊಬ್ಬೆ ಎದ್ದ ಪಾದ ನೋಡಿದಳು. "ಅಯ್ಯ ಶಿವನ! ಬಿಳೇ ಸಿಪಾಯಿ ಅಚ್ಚಿನ್ಯಾಗ ನಮ್ ಮಂದಿ ಕಾಲು ಹಿಡಿತಾವೇನು? ಎಮ್ಮಿ ಕೊಂಬಿಗೆ ಬಳಿ ತೊಡಿಸಿದಂಗಾತು!"

ಕೆಂಚಣ್ಣನಿಗೆ ಮೊದಲು ಸಿಟ್ಟು, ಆಮೇಲೆ ನಾಚಿಕೆ, ಕೊನೆಗೆ ನಗು. ಅಂಗಳದಲ್ಲಿ ಒಲೆಯ ಬೂದಿ ಹರವಿ, ಹನ್ನೊಂದು ಜನರನ್ನೂ ಅದರ ಮೇಲೆ ನಿಲ್ಲಿಸಿದ. ಬೆರಳುಗಳು ಬೀಸಣಿಗೆಯಂತೆ ಹರಡಿದ್ದವು. ಆ ಗುರುತಿಗೇ ತೊಗಲು ಕತ್ತರಿಸಿ, ಮುಂದೆ ಅಗಲವಾದ ಬೂಟುಗಳನ್ನು ವಾರದೊಳಗೆ ಹೊಲಿದು ಕೊಟ್ಟ. ಮೈದಾನದಲ್ಲಿ ಜನ ಬಿದ್ದು ಬಿದ್ದು ನಕ್ಕರು: "ಬಾತುಕೋಳಿ ಬಂದ್ವು ನೋಡ್ರೋ!"

ನಗಲಿ ಬಿಡಿ. ಬಾತುಕೋಳಿಗಳು ನಾಲ್ಕನೇ ಪಂದ್ಯ ಗೆದ್ದವು, ಐದನೆಯದೂ ಗೆದ್ದವು, ಆಮೇಲೆ ಸೋಲುವುದನ್ನೇ ಮರೆತವು. ಲೀಗಿನ ಕಪ್ಪಿಗಾಗಿ ನಡೆದ ಫೈನಲ್ಲಿಗೆ ಎದುರು ನಿಂತದ್ದು ಮದ್ರಾಸಿನಿಂದ ಬೂಟು ತರಿಸಿಕೊಂಡಿದ್ದ ಮಿಲ್ಲಿನ ತಂಡ. ಕೊನೆಯ ನಿಮಿಷದಲ್ಲಿ ಗಾದಿಲಿಂಗಪ್ಪ ಒದ್ದ ಚೆಂಡು ಬಲೆ ಹೊಕ್ಕಿತು. ಎರಡು-ಒಂದು! ಬಜಾರಿಗೆ ಬಜಾರೇ ಮೈದಾನಕ್ಕೆ ನುಗ್ಗಿತು. ಗಾದಿಲಿಂಗಪ್ಪ ಕಪ್ಪನ್ನು ತಂದು ಮೊದಲು ಕೆಂಚಣ್ಣನ ಕೈಗಿಟ್ಟ. "ತಪ್ಪಾತು ಕೆಂಚಣ್ಣ" ಎಂದ. ಕೆಂಚಣ್ಣ ಎಲ್ಲರೆದುರೇ ಅತ್ತುಬಿಟ್ಟ.

ಮರುದಿನ ಬೆಳಿಗ್ಗೆ ಮಿಲ್ಲಿನ ಕ್ಯಾಪ್ಟನ್ ಕೊಟ್ಟೂರಪ್ಪ ಅಂಗಡಿಗೆ ಬಂದ. ಅವನೂ ಕುಂಟುತ್ತಿದ್ದ. "ಕೆಂಚಣ್ಣಾರ, ನಮಗೂ ಹನ್ನೊಂದು ಜೋಡಿ ಬೇಕಾಗಿತ್ರಿ."

ಅಜ್ಜನ ಅಚ್ಚುಗಳು ಈಗ ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಬಿದ್ದಿದ್ದವು. ಕೆಂಚಣ್ಣ ಅವನ್ನು ದಾಟಿ ಒಳಗೆ ಮುಖ ಹಾಕಿ ಕೂಗಿದ: "ಸುಂಕೀ, ಒಲ್ಯಾಗಿನ ಬೂದಿ ತಗಂಬಾ!"