ಮಾವನ ರತ್ನಗಂಬಳಿಯ ಹಗ್ಗ

ನನ್ನ ಮಾವನ ಹತ್ತಿರ ಒಂದು ಕೆಂಪು ರತ್ನಗಂಬಳಿ ಇದೆ. ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾಗ ಒಬ್ಬ ಅಫ್ಘಾನಿ ವ್ಯಾಪಾರಿಯಿಂದ ಕೊಂಡದ್ದು. ತುರ್ಕ್‌ಮೆನ್ ಬುಡಕಟ್ಟಿನ ಹೆಂಗಸರು ಕೈಯಲ್ಲಿ ನೇಯ್ದದ್ದು, ಬಹಳ ಹಳೆಯದು ಎಂದು ಅವನು ಹೇಳಿದನಂತೆ. ಮಾವ ಕೊಂಡದ್ದು ಅದಕ್ಕಲ್ಲ. ಅದರ ನಟ್ಟನಡುವೆ ಶಿಲುಬೆಯ ಆಕಾರವಿತ್ತು. ಮಂಗಳೂರಿನ ಕ್ಯಾಥೊಲಿಕ್ ಮನುಷ್ಯ, ಮಸ್ಕತ್‌ನ ಅಂಗಡಿಯಲ್ಲಿ ಶಿಲುಬೆ ಕಂಡರೆ ಬಿಟ್ಟು ಬರುತ್ತಾರೆಯೇ?

ಅತ್ತೆಗೆ ಮಾತ್ರ ಅದು ಅಂದಿನಿಂದಲೂ ‘ಹರಕು’. ನಾನು ಮೈಸೂರಿನಿಂದ ಬಂದ ಸೊಸೆ, ಕೊಂಕಣಿ ಬಾರದು. ಹಾಗಾಗಿ ನನ್ನ ಹತ್ತಿರ ಗೇಲಿಯೂ ಕನ್ನಡದಲ್ಲೇ. “ನಿನ್ನ ಮಾವನಿಗೆ ಅವ ಸರೀ ಟೋಪಿ ಹಾಕಿದ ಮಾರಾಯ್ತಿ!” ಹಾಗಂದರೂ, ಶಿಲುಬೆಯ ಮೇಲೆ ಕಾಲಿಡಬಾರದೆಂದು ಅದನ್ನು ನೆಲಕ್ಕೆ ಹಾಸಲು ಬಿಟ್ಟವರಲ್ಲ. ಪೆರ್ತ್‌ನ ವಿಲೆಟನ್‌ನಲ್ಲಿರುವ ನಮ್ಮ ಮನೆಗೆ ಬಂದ ಮೇಲೂ ಅದು ದೇವರ ಪೀಠದ ಪಕ್ಕದ ಗೋಡೆಯಲ್ಲೇ ತೂಗುತ್ತಿತ್ತು.

ಕಳೆದ ವರ್ಷ ಮಾವನಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತು ಹೆಚ್ಚುಕಡಿಮೆ ಹೋಯಿತು. ಉಳಿದ ಕೆಲವೇ ಪದಗಳಲ್ಲಿ ಒಂದು ‘ಒರಿಜಿನಲ್’. ಗೋಡೆ ನೋಡಿ, ನನ್ನನ್ನು ನೋಡಿ, “ಒರಿಜಿನಲ್?” ಎನ್ನುತ್ತಿದ್ದರು. ಬಲ್ಲವರೊಬ್ಬರ ಬಾಯಿಂದ ಹೌದು ಅನ್ನಿಸಿಕೊಳ್ಳಬೇಕು, ತಾನು ಮೋಸ ಹೋದವನಲ್ಲ ಅನ್ನಿಸಿಕೊಳ್ಳಬೇಕು, ಅಷ್ಟೇ ಅವರ ಆಸೆ.

ಆಫೀಸಿನ ಗೆಳತಿಯೊಬ್ಬಳ ಚಿಕ್ಕಪ್ಪ ಅಡಿಲೇಡ್‌ನವರು, ಇಂಥ ಹಳೆಯ ಕಂಬಳಿಗಳನ್ನು ಕೂಡಿಹಾಕುವ ಹುಚ್ಚು ಅವರಿಗೆ. ಫೋಟೊ ಕಳಿಸಿದೆ. ಮೇಲಿನ ಎರಡು ಮೂಲೆಗಳಲ್ಲಿ ಜೋತುಬಿದ್ದಿರುವ ಹಗ್ಗಗಳನ್ನು ಹತ್ತಿರದಿಂದ ತೆಗೆದು ಕಳಿಸಿ ಎಂದರು. ಕಳಿಸಿದ ಕೂಡಲೇ, ಮುಂದಿನ ತಿಂಗಳು ಪೆರ್ತ್‌ಗೆ ಬರುವವನಿದ್ದೇನೆ, ನಿಮ್ಮ ಮನೆಗೇ ಬರುತ್ತೇನೆ ಎಂಬ ಉತ್ತರ ಬಂತು. ಹಗ್ಗದಲ್ಲಿ ಅಂಥದ್ದೇನಿದೆ ಎಂದು ಮಾತ್ರ ಹೇಳಲಿಲ್ಲ.

ಅವರು ಬರುವ ದಿನ ನಾನು ಅರ್ಧ ದಿನ ರಜೆ ಹಾಕಿ ಮನೆ ಮುಟ್ಟುವಷ್ಟರಲ್ಲಿ ಅವರ ಕಾರೂ ನನ್ನ ಹಿಂದೆಯೇ ಬಂದು ನಿಂತಿತು. ಒಳಗೆ ಮಾವನಿಗೆ ಇಸ್ತ್ರಿ ಮಾಡಿದ ಶರ್ಟು, ಮೇಜಿನ ಮೇಲೆ ಬಿಸಿಬಿಸಿ ಬನ್ಸ್. ನೋಡಲು ಸುಲಭವಾಗಲೆಂದು ಅತ್ತೆ ಹಿಂದಿನ ದಿನವೇ ಗೋಡೆಯಿಂದ ಇಳಿಸಿ ಮಡಚಿಟ್ಟಿದ್ದ ರತ್ನಗಂಬಳಿಯನ್ನು ಸೋಫಾದ ಮೇಲೆ ಹರಡಿದ್ದರು. ಅದರ ಮೇಲಂಚು ಸೋಫಾದ ಹಿಂದಕ್ಕೆ ಇಳಿಬಿದ್ದಿತ್ತು.

ಅತಿಥಿ ಮೊದಲು ಕೆಳಗಿನ ತುದಿಯನ್ನು ಮಗುಚಿ ಹಿಂಬದಿಯ ಗಂಟುಗಳನ್ನು ನೋಡಿದರು. ಬಿಳಿ ಕರವಸ್ತ್ರ ಒದ್ದೆ ಮಾಡಿ ಕೆಂಪಿನ ಮೇಲೆ ಉಜ್ಜಿದರು. ಬಣ್ಣ ಹತ್ತಲಿಲ್ಲ. ಬೇರಿನಿಂದ ತೆಗೆದ ಬಣ್ಣವಂತೆ, ನಮ್ಮ ಮಂಜಿಷ್ಠದ ಜಾತಿಯದು. ಇದು ನೆಲಕ್ಕೆ ಹಾಸುವುದೇ ಅಲ್ಲ, ಡೇರೆಯ ಬಾಗಿಲಿಗೆ ತೂಗುಬಿಡುತ್ತಿದ್ದದ್ದು ಎಂದರು. ಮಾವ ಕಂಡ ಶಿಲುಬೆ ಬಾಗಿಲ ಹಲಗೆಗಳ ಗುರುತೂ ಇರಬಹುದಂತೆ. ಸಂತೆಗೆಂದು ನೇಯ್ದವು ಬೇಕಾದಷ್ಟು ಸಿಗುತ್ತವೆ. ಹೆಂಗಸೊಬ್ಬಳು ತನ್ನ ಮನೆಬಾಗಿಲಿಗೆಂದೇ ನೇಯ್ದದ್ದು ಸಿಗುವುದು ಕಷ್ಟ, ನಮ್ಮಂಥವರು ಹುಡುಕುವುದು ಅದನ್ನೇ ಎಂದರು.

“ಒರಿಜಿನಲ್?” ಎಂದರು ಮಾವ.

“ಹೌದು ಸರ್. ಒರಿಜಿನಲ್.”

ಮಾವ ಗಳಗಳನೆ ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ದೇವರು ದೊಡ್ಡವನು ಅಂದುಕೊಂಡೆ.

ಅಷ್ಟರಲ್ಲಿ ಅತಿಥಿ ಸೋಫಾದ ಹಿಂದೆ ಹೋಗಿ ಮೇಲಂಚನ್ನು ಎತ್ತಿದರು. ಅಂಚಿನುದ್ದಕ್ಕೂ ಮಿರಿಮಿರಿ ಮಿಂಚುವ ಮೆರೂನ್ ಸ್ಯಾಟಿನ್ ಪಟ್ಟಿ. ಹಗ್ಗಗಳಿರಲಿಲ್ಲ. ಅವರು ನನ್ನನ್ನು ನೋಡಿದರು, ನಾನು ಅತ್ತೆಯನ್ನು ನೋಡಿದೆ.

“ನಾನೇ ಹೊಲಿದದ್ದು!” ಅತ್ತೆಯ ಮುಖ ಅರಳಿತ್ತು. “ನಿನ್ನೆ ನೀನು ಕೆಲಸಕ್ಕೆ ಹೋದ ಮೇಲೆ ಕೂತು ಮೆಷಿನ್‌ನಲ್ಲಿ ಹೊಡ್ದೆ. ಆ ದನ ಕಟ್ಟುವ ಹಗ್ಗ, ಎಳೆ ಬಿಟ್ಟ ಅಂಚು, ಬಂದವರು ನೋಡಿದ್ರೆ ಎಂತ ಹೇಳಿಯಾರು? ನಿನ್ನ ಮಾವನನ್ನು ನೋಡಿ ನಗಾಡ್ಲಿಕ್ಕಿಲ್ವಾ? ಎಲ್ಲ ಕತ್ತರಿಸಿ ಬಿನ್‌ಗೆ ಹಾಕಿದೆ.”

ಬೆಳಿಗ್ಗೆ ಕಸದ ಲಾರಿ ನಮ್ಮ ಬಿನ್ನನ್ನು ಎತ್ತಿ ಬೋರಲು ಹಾಕಿದ್ದನ್ನು ನಾನೇ ಕಾರಿನಲ್ಲಿ ಕೂತು ನೋಡಿದ್ದೆ. ಅದನ್ನು ಅತಿಥಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮೆಲ್ಲಗೆ ಸೋಫಾದ ತೋಳಿನ ಮೇಲೆ ಕೂತರು. ಆ ಹಗ್ಗವನ್ನೂ ಅದೇ ಹೆಂಗಸು ಹೊಸೆದಿರಬೇಕು, ಬಾಗಿಲಿಗೆ ಕಟ್ಟಿದ್ದಕ್ಕೆ ಅದೇ ಸಾಕ್ಷಿ, ಬೇರೆ ಕಂಬಳಿಗಳಲ್ಲೆಲ್ಲ ಅದನ್ನು ಕತ್ತರಿಸಿ ಬಿಸಾಡಿರುತ್ತಾರೆ, ಇದರಲ್ಲಿ ಉಳಿದದ್ದನ್ನು ನೋಡಲೆಂದೇ ನಾನು ಬಂದೆ ಎಂದರು. ಇನ್ನು ಏನೂ ಮಾಡುವ ಹಾಗಿಲ್ಲ ಎಂದೂ ಹೇಳಿದರು.

ಅತ್ತೆಗೆ ಆ ಇಂಗ್ಲಿಷು ಅರ್ಥವಾಗಲಿಲ್ಲ. ಮಾವನಿಗೆ ಪೂರ್ತಿ ಅರ್ಥವಾಯಿತು.

“ಎಂತ ಹೇಳ್ತಾರೆ? ಹೊಲಿಗೆ ಹೇಗುಂಟಂತೆ?” ಅತ್ತೆ ನನ್ನ ಕೈ ಹಿಡಿದು ಕೇಳಿದರು.

ಕಿರುಚಿಬಿಡಬೇಕು ಅನ್ನಿಸಿತು. ಏನೆಂದು ಕಿರುಚಲಿ? ಜನ್ಮವೆಲ್ಲ ಆ ಹರಕನ್ನು ಬೈದವರು, ಗಂಡನ ಮಾನ ಉಳಿಸಲೆಂದು ಇಡೀ ದಿನ ಕೂತು ಹೊಲಿದಿದ್ದರು. ಮಾವ ಎಡಗೈ ಚಾಚಿದರು. ಅತಿಥಿ ಅಂಚನ್ನು ಅವರ ತೊಡೆಯ ಮೇಲಿಟ್ಟರು. ಮಾವ ಸ್ಯಾಟಿನ್ ಪಟ್ಟಿಯನ್ನು ಆ ತುದಿಯಿಂದ ಈ ತುದಿಯವರೆಗೆ ಸವರಿದರು.

“ಬರೆಂ,” ಎಂದರು ಅತ್ತೆಗೆ. ಚೆನ್ನಾಗಿದೆ ಎಂದು. ಅಷ್ಟು ಕೊಂಕಣಿ ನನಗೂ ಬರುತ್ತದೆ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. “ನೋಡಿದ್ಯಾ? ನಾನು ಸರಿ ಮಾಡದಿದ್ರೆ ಆ ಹರಕನ್ನು ಇವರು ಒರಿಜಿನಲ್ ಅಂತ ಹೇಳ್ತಿದ್ರಾ?”

ಆಕೆ ಏನೆಂದರು ಎಂದು ಅತಿಥಿ ನನ್ನನ್ನು ಕೇಳಿದರು.

ಬನ್ಸ್ ಆರಿ ಹೋಗ್ತಿದೆ, ತಿನ್ನಿ ಅಂತಿದ್ದಾರೆ ಎಂದೆ.