ಹರಿಹರದ ಡಿಸ್ಕಿನಲ್ಲಿ ಉಳಿದ ದನಿ

ನಿಟ್ಟುವಳ್ಳಿಯಿಂದ ಆಟೋದಲ್ಲಿ ದಾವಣಗೆರೆ ಬಸ್ ನಿಲ್ದಾಣಕ್ಕೆ ಬಂದು, ಬೆಳಿಗ್ಗೆ ಹತ್ತರ ಹರಿಹರದ ಬಸ್ಸು ಹತ್ತಿದೆ. ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ದರದ ಟಿಕೆಟ್. ಹದಿನಾಲ್ಕು ಕಿಲೋಮೀಟರಿನ ದಾರಿ. ಚೀಲದಲ್ಲಿದ್ದುದು ಅಳಿಸಿಹೋದ ಕಡತಗಳನ್ನು ಹುಡುಕುವ ಲಿನಕ್ಸ್ ತಂತ್ರಾಂಶದ ಪೆನ್‌ಡ್ರೈವ್. ನಾನು ಹೊರಟದ್ದು ನನ್ನದೇ ತಪ್ಪನ್ನು ತಿದ್ದಲು.

ಹಿಂದಿನ ತಿಂಗಳು ತುಂಗಭದ್ರೆ ಉಕ್ಕಿ ಹರಿಹರದ ದಂಡೆಯ ಮನೆಗಳಿಗೆ ನೀರು ನುಗ್ಗಿದಾಗ, ನಮ್ಮ ಗೆಳೆಯರ ಗುಂಪು ಶಾಲೆಯೊಂದರ ಪರಿಹಾರ ಕೇಂದ್ರದಲ್ಲಿ ಸಂತ್ರಸ್ತರ ಪಟ್ಟಿ ಮಾಡುತ್ತಿತ್ತು. ಅಧಿಕೃತ ಆ್ಯಪ್‌ಗೆ ಇಂಟರ್ನೆಟ್ ಬೇಕು, ಕಾಗದಪತ್ರ ಬೇಕು. ಕಾಗದಪತ್ರ ಕೊಚ್ಚಿಹೋದವರ ಹೆಸರನ್ನೇ ಅದು ಸೇರಿಸಿಕೊಳ್ಳುತ್ತಿರಲಿಲ್ಲ. ಇದು ಅನ್ಯಾಯ. ಆದ್ದರಿಂದ ಜನ ಕೊಟ್ಟ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ, ನೆಟ್ ಇಲ್ಲದೆಯೂ ನಡೆಯುವ ಪಟ್ಟಿ ಕಟ್ಟಿದೆವು. ದಾನದ ಯಂತ್ರ ಬಂದೊಡನೆ ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸುವುದು ನಮ್ಮ ರೂಢಿ.

ಆದರೆ ದಂಡೆಯ ಮನೆಯ ಫೈರೋಜಾ ನೀರಿನಲ್ಲಿ ತಲೆಯ ಮೇಲೆ ಹೊತ್ತು ತಂದುಕೊಟ್ಟ ಕಂಪ್ಯೂಟರು ದಾನವಲ್ಲ, ಎರವಲು. ಆಟೋದ ಮೈಕಿನ ಪ್ರಚಾರಕ್ಕೆಂದು ಅವರ ಗಂಡ ಮನೆಯಲ್ಲೇ ತಮ್ಮ ದನಿಯಲ್ಲಿ ರೆಕಾರ್ಡ್ ಮಾಡಿದ ಜಾಹೀರಾತುಗಳೆಲ್ಲ ಅದರಲ್ಲಿದ್ದವು. ಗಂಡ ತೀರಿಕೊಂಡು ಎರಡು ವರ್ಷ. ನಮ್ಮಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ. ಅಳಿಸಿದ ಕೈ ನನ್ನದು. ಹೊಳೆಯಿಂದ ಉಳಿದುಬಂದದ್ದನ್ನು ನಾವು ಕಳೆದೆವು.

“ಬರ್ರಿ ಅಕ್ಕಾರೆ, ಕೂಡ್ರಿ,” ಎಂದು ಫೈರೋಜಾ ತಮ್ಮ ಮನೆಯಲ್ಲಿ ನನ್ನನ್ನು ಕೂರಿಸಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟರು. ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಕೆಸರಿನ ಗೆರೆ ಇನ್ನೂ ಇತ್ತು. ಕೇಂದ್ರ ಮುಚ್ಚಿದ ಮೇಲೆ ಹಿಂದಿರುಗಿದ್ದ ಕಂಪ್ಯೂಟರು ಮಂಚದ ಮೇಲಿತ್ತು.

“ಕೇಳದೆ ಅಳಿಸಿದ್ದು ದೊಡ್ಡ ತಪ್ಪು,” ಎಂದೆ.

“ತಪ್ಪು ಅಂದ್ರೆ ದನಿ ಬರ್ತೈತೇನ್ರಿ? ಮೊದ್ಲು ಹುಡುಕ್ರಿ.” ಆಮೇಲೆ ತಾವೇ ನಕ್ಕರು: “ಮನ್ಯಾಗೆ ನಾಕು ಮಾತಾಡ್ತಿದ್ದಿಲ್ಲ ನಮ್ಮನೆಯೋರು. ಆಟೋದಾಗೆ ಮಾತ್ರ ಊರೆಲ್ಲ ಕಿವಿ ಮುಚ್ಕೋಬೇಕು, ಹಂಗೆ ಕೂಗೋರು!”

ಹುಡುಕಾಟ ಮೂರು ಗಂಟೆ ನಡೆಯಿತು. ನಾವು ಬರೆದ ಪಟ್ಟಿಗಳು ಹಳೆಯ ಕಡತಗಳ ಜಾಗದಲ್ಲೇ ಕೂತಿದ್ದವು. ಸಿಕ್ಕ ಚೂರುಗಳಲ್ಲಿ ಬರೀ ಗೊರಗೊರ ಸದ್ದು. ಮಧ್ಯಾಹ್ನ ಎರಡರ ಹೊತ್ತಿಗೆ ಒಂದೇ ಒಂದು ತುಣುಕು ಸರಿಯಾಗಿ ತೆರೆದುಕೊಂಡಿತು. ಅದು ಜಾಹೀರಾತೂ ಅಲ್ಲ, ಮೈಕಿನ ಪರೀಕ್ಷೆ.

“ಒಂದು, ಎರಡು, ಮೂರು... ಫೈರೋಜಾ, ಆ ಫ್ಯಾನ್ ಬಂದ್ ಮಾಡೇ. ರೆಕಾರ್ಡಿನಾಗೆ ಬರ್ರ್ ಅಂತೈತೆ.”

ಫೈರೋಜಾ ಎದ್ದುಹೋಗಿ ನಮ್ಮ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನ್ ಆರಿಸಿದರು.

“ಇನ್ನೊಂದ್ಸಲ ಹಚ್ರಿ,” ಎಂದರು.

ಅದಕ್ಕಿಂತ ಹೆಚ್ಚು ಸಿಗಲಿಲ್ಲ. ಆ ತುಣುಕನ್ನು ಅವರ ಮೊಬೈಲಿಗೆ ಹಾಕಿಕೊಟ್ಟೆ. ನಾಲ್ಕರ ಬಸ್ಸಿಗೆಂದು ಹೊರಟು ಹೊಸ್ತಿಲಲ್ಲಿ ತಿರುಗಿ ನೋಡಿದಾಗ, ಆ ಸೆಕೆಯಲ್ಲಿ ಅವರು ಮೊಬೈಲನ್ನು ಕಿವಿಗೊತ್ತಿ ಕೂತಿದ್ದರು. ಫ್ಯಾನ್ ನಿಂತೇ ಇತ್ತು.